ಬ್ಯಾರನ್ನಿನ ಬಿಸಿ ಮತ್ತು ಸೌದೆಯ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಕೃಷ್ಣರಾಜನಗರದ ಮಳೆಯಾಶ್ರಿತ ಹೊಲಗಳಲ್ಲಿಯೂ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್, ಅಂದರೆ ಎಲೆಗೆ ಹೊಗೆ ತಾಗದಂತೆ ನೆಲಮಟ್ಟದ ಕೊಳವೆಗಳ ಬಿಸಿಯಿಂದಲೇ ಅದನ್ನು ಹದಗೊಳಿಸುವ ಎತ್ತರದ ಕೋಣೆ, ಈ ಸೀಮೆಯ ಸೌದೆಯ ಬಹುಪಾಲನ್ನು ಉರಿಸುವ ಕಟ್ಟಡಗಳಲ್ಲೊಂದು. ಒಂದು ಕಿಲೋ ಹದವಾದ ಸೊಪ್ಪಿಗೆ 4ರಿಂದ 5 ಕಿಲೋ ಸೌದೆ ಬೇಕೆಂಬುದು ಸಾಮಾನ್ಯ ಲೆಕ್ಕವಾಗಿದ್ದು, ನಾಗರಹೊಳೆಯ ಕಾಡನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ಪ್ರದೇಶದಲ್ಲಿ ಈ ಲೆಕ್ಕ ರೈತನ ಖರ್ಚಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆದ್ದರಿಂದ ತಂಬಾಕು ಮಂಡಳಿಯ ಮತ್ತು ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದ ಉರುವಲು ಉಳಿತಾಯದ ಸಲಹೆಗಳಲ್ಲಿ ಛಾವಣಿಗೆ ಶಾಖನಿರೋಧಕವನ್ನು, ಎಂದರೆ ಬಿಸಿ ಹೊರಹೋಗುವುದನ್ನು ತಡೆಯುವ ಹೊದಿಕೆಯನ್ನು, ಹಾಕುವ ಮಾತು ಬಂದದ್ದು ಯೋಗ್ಯವೇ ಆಗಿದೆ. ಪರಿಶೀಲಿಸಬೇಕಾದದ್ದು ಆ ಕೆಲಸ ನಡೆಯುವ ರೀತಿಯನ್ನು: ಯಾವ ವಸ್ತು, ಎಷ್ಟು ದಪ್ಪ ಎಂಬುದಕ್ಕೆ ಸಿಗುವ ಗಮನ ಅದನ್ನು ಒಣದಾಗಿ ಇಡುವುದು ಹೇಗೆ ಎಂಬುದಕ್ಕೆ ಸಿಗುತ್ತಿಲ್ಲ.

ಬ್ಯಾರನ್ ಎದುರಿಸುವ ಪರಿಸ್ಥಿತಿ ಸಾಮಾನ್ಯ ಮನೆಯದಲ್ಲ. ಎಲೆ ಹಳದಿಯಾಗುವ ಮೊದಲ ಹಂತದಲ್ಲಿ ಒಳಗಿನ ಉಷ್ಣತೆ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿ ತೇವದಿಂದ ತುಂಬಿರಬೇಕು. ಬಣ್ಣ ನಿಂತು ಎಲೆಯ ಹಾಳೆ ಒಣಗುವಾಗ ಬಿಸಿಯನ್ನು ಹಂತಹಂತವಾಗಿ ಏರಿಸುತ್ತ ತೇವವನ್ನು ಹೊರಬಿಡಬೇಕು. ಕೊನೆಗೆ ನಡುದಂಟು ಒಣಗುವಾಗ ಉಷ್ಣತೆ 70 ಡಿಗ್ರಿಯ ಆಸುಪಾಸಿಗೆ ಮುಟ್ಟುತ್ತದೆ. ಐದಾರು ದಿನ ಹಗಲಿರುಳು ನಡೆಯುವ ಈ ಕೆಲಸ ಬೀಳುವುದು ಆಷಾಢ, ಶ್ರಾವಣದ ಜಡಿಮಳೆಯ ಕಾಲದಲ್ಲಿ, ಹೊರಗಿನ ಗಾಳಿ 25 ಡಿಗ್ರಿಗಿಂತ ಕೆಳಗಿದ್ದು ಗೋಡೆ, ಸೂರುಗಳೆಲ್ಲ ನೆನೆದಿರುವಾಗ. ಹಸಿ ಎಲೆಯ ತೂಕದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನೀರೇ ಆಗಿರುವುದರಿಂದ, ಪ್ರತಿ ಸಲ ಬ್ಯಾರನ್ ತುಂಬಿದಾಗಲೂ ಕ್ವಿಂಟಲುಗಟ್ಟಲೆ ನೀರು ಆವಿಯಾಗಿ ಮೇಲೇರುತ್ತದೆ.  

16 ಅಡಿ ಉದ್ದ, 16 ಅಡಿ ಅಗಲದ ಬ್ಯಾರನ್ನಿನ ಛಾವಣಿ ಸುಮಾರು 24 ಚದರ ಮೀಟರ್ ಆಗುತ್ತದೆ. ಒಳಗೆ 70 ಡಿಗ್ರಿ, ಹೊರಗೆ 25 ಡಿಗ್ರಿ ಇರುವಾಗ ಬರಿಯ ತಗಡಿನ ಮೂಲಕ ಏಳೆಂಟು ಕಿಲೋವ್ಯಾಟಿನಷ್ಟು ಬಿಸಿ ಸೋರಿಹೋಗುತ್ತದೆಂದು ಲೆಕ್ಕ ಹಾಕಬಹುದು. ಅದರ ಕೆಳಗೆ 10 ಸೆಂಟಿಮೀಟರ್ ಒಣ ಭತ್ತದ ಹುಲ್ಲನ್ನು ಒತ್ತಾಗಿ ಹಾಸಿದರೆ ಈ ಸೋರಿಕೆ ಹತ್ತರಲ್ಲೊಂದು ಪಾಲಿಗೆ ಇಳಿಯಬೇಕು. ಹುಲ್ಲಿನ ಈ ಗುಣ ಅದರ ನಾರಿಗಿಂತ ಹೆಚ್ಚಾಗಿ ನಾರಿನ ನಡುವೆ ಅಲುಗಾಡದೆ ನಿಂತ ಗಾಳಿಯದು. ಆ ಗಾಳಿಯ ಜಾಗದಲ್ಲಿ ನೀರು ಸೇರಿತೆಂದರೆ, ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸಲೀಸಾಗಿ ಬಿಸಿಯನ್ನು ಹಾಯಿಸುವುದರಿಂದ, ಎಷ್ಟೇ ದಪ್ಪನೆಯ ಹೊದಿಕೆಯೂ ಹೆಸರಿಗೆ ಮಾತ್ರ ಉಳಿಯುತ್ತದೆ. ಒಳಗಿನ ಆವಿ ಹುಲ್ಲನ್ನು ತೂರಿಕೊಂಡು ಮೇಲೇರಿ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟಿ ಮತ್ತೆ ಹುಲ್ಲಿಗೇ ಇಳಿಯುವುದು, ಅಲ್ಲಿಂದ ಕಡ್ಡಿಗೆ ಕಟ್ಟಿದ ಎಲೆಯ ಮೇಲೆ ತೊಟ್ಟಿಕ್ಕಿ ಕಲೆ ಮಾಡುವುದು, ಈ ಕೆಲಸದ ನಿಜವಾದ ಸೋಲು.

ಗಾಜುನಾರಿನ ಹೊದಿಕೆ ಹುಲ್ಲಿಗಿಂತ ಕಡಿಮೆ ಬಿಸಿಯನ್ನು ಹಾಯಿಸುತ್ತದೆ, ಬೆಂಕಿಗೆ ಹೆದರುವುದಿಲ್ಲ, ಹುಳುಹುಪ್ಪಟೆಗೆ ಆಹಾರವಾಗುವುದಿಲ್ಲ. ಆದರೆ ಕೈಗವಸು, ಮೂಗುಬಟ್ಟೆ ಇಲ್ಲದೆ ಅದನ್ನು ಮುಟ್ಟಿದವರಿಗೆ ತುರಿಕೆ ತಪ್ಪುವುದಿಲ್ಲ, ಮತ್ತು ಒದ್ದೆಯಾದಾಗ ಅದೂ ಹುಲ್ಲಿನಷ್ಟೇ ನಿಷ್ಪ್ರಯೋಜಕ. ಥರ್ಮೋಕೋಲ್ ಹಗುರ, ಅಗ್ಗ, ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದು. ಅದಕ್ಕೆ ತಡೆಯಲು ಸಾಧ್ಯವಾದ ಉಷ್ಣತೆಯ ಮಿತಿಗೂ ದಂಟು ಒಣಗಿಸುವ ಹಂತದ ಬಿಸಿಗೂ ನಡುವೆ ಅಂತರ ತೀರ ಕಡಿಮೆ, ಹೊತ್ತಿದರೆ ಅದರ ಹೊಗೆ ವಿಷ, ಆದ್ದರಿಂದ ಬ್ಯಾರನ್ನಿನೊಳಗೆ ಅದಕ್ಕೆ ಜಾಗವೇ ಇರಬಾರದು. ಹೊಳೆಯುವ ಅಲ್ಯೂಮಿನಿಯಂ ಹಾಳೆ ಬಿಸಿಯನ್ನು ಹಿಂದಕ್ಕೆ ಪ್ರತಿಫಲಿಸುವುದು ಅದರ ಮುಂದೆ ಗಾಳಿಯ ತೆರಪು ಇದ್ದಾಗ ಮಾತ್ರ. ತಗಡಿಗೆ ನೇರವಾಗಿ ಅಂಟಿಸಿದರೆ ಕೊಟ್ಟ ಹಣ ವ್ಯರ್ಥ. ಇವೆಲ್ಲವನ್ನೂ ತೂಗಿದಾಗ, ಚಾಮರಾಜ ನಾಲೆಗಳ ಬಯಲಿನಿಂದ ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಧಾರಾಳವಾಗಿ ದೊರೆಯುವ ಭತ್ತದ ಹುಲ್ಲು, ಬಡವನಿಗೆ ಅನಿವಾರ್ಯವೆಂದು ಕೊಡಮಾಡುವ ಎರಡನೆಯ ದರ್ಜೆಯ ಆಯ್ಕೆಯಲ್ಲ. ಸರಿಯಾಗಿ ಹಾಸಿದರೆ ಅದು ಈ ಸೀಮೆಗೆ ಒಪ್ಪುವ ಮೊದಲ ಆಯ್ಕೆ.

ಸರಿಯಾಗಿ ಹಾಸುವುದು ಎಂದರೇನೆಂಬುದನ್ನು ವಿವರವಾಗಿ ನೋಡಬೇಕು. ತಗಡಿನ ಕೆಳಗೆ ಬಿದಿರು ದಬ್ಬೆಗಳ ಅಟ್ಟಣೆ ಕಟ್ಟಿ, ಅದರ ತಳಮೈಗೆ ಸಗಣಿ ಬೆರೆಸಿದ ಮಣ್ಣನ್ನು ಬಿರುಕಿಲ್ಲದಂತೆ ಮೆತ್ತಿ ಒಣಗಿಸಬೇಕು. ಈ ಮಣ್ಣಿನ ಪದರ ಒಳಗಿನ ಆವಿ ಹುಲ್ಲಿಗೆ ನುಗ್ಗುವ ವೇಗವನ್ನು ತಗ್ಗಿಸುವುದಲ್ಲದೆ ಕಿಡಿಯಿಂದಲೂ ಹುಲ್ಲನ್ನು ಕಾಯುತ್ತದೆ. ಹುಲ್ಲಿಗೂ ತಗಡಿಗೂ ನಡುವೆ ನಾಲ್ಕು ಬೆರಳು ತೆರಪು ಬಿಟ್ಟು ಅದರ ಎರಡು ತುದಿಗಳನ್ನು ಹೊರಗಾಳಿಗೆ ತೆರೆದಿಟ್ಟರೆ, ಹೇಗೋ ಮೇಲೇರಿದ ತೇವ ಅಲ್ಲಿಂದ ಹೊರಟುಹೋಗುತ್ತದೆ. ಚಿಮಣಿ ಛಾವಣಿಯನ್ನು ಸೀಳಿಕೊಂಡು ಹೋಗುವ ಬ್ಯಾರನ್‌ಗಳಲ್ಲಿ ಅದರ ಸುತ್ತ ಮೊಳದಷ್ಟು ಜಾಗಕ್ಕೆ ಹುಲ್ಲು ಸೋಕದಂತೆ ಇಟ್ಟಿಗೆ, ಮಣ್ಣಿನ ಕಟ್ಟೆ ಕಟ್ಟುವುದನ್ನು ಬಿಡುವಂತಿಲ್ಲ. ಕಡ್ಡಿಯಿಂದ ಜಾರಿದ ಒಣ ಎಲೆ ಕಾದ ಕೊಳವೆಯ ಮೇಲೆ ಬಿದ್ದು ಬ್ಯಾರನ್‌ಗಳು ಉರಿದುಹೋಗುವುದುಂಟು, ಮಣ್ಣು ಮೆತ್ತದ ಹುಲ್ಲಿನ ಅಟ್ಟಣೆ ಆ ಬೆಂಕಿಯನ್ನು ಕ್ಷಣದಲ್ಲಿ ಸೂರಿಗೆ ಒಯ್ಯುತ್ತದೆ. ಇಷ್ಟೆಲ್ಲ ಮಾಡಿಯೂ ಗೋಡೆಯ ತಲೆಗೂ ಅಲೆಅಲೆಯಾದ ತಗಡಿಗೂ ನಡುವಿನ ಸಂದುಗಳನ್ನು ಹಾಗೆಯೇ ಬಿಟ್ಟರೆ, ಬಿಸಿ ಗಾಳಿ ಮೇಲಕ್ಕೇ ನುಗ್ಗುವುದರಿಂದ, ಸೌದೆಯ ಶ್ರಮ ಅಲ್ಲಿಂದಲೇ ಹಾರಿಹೋಗುತ್ತದೆ.

ಆದರೆ ಸಂದು ಮುಚ್ಚುವ ಹುರುಪಿನಲ್ಲಿ ಗಾಳಿಕಿಂಡಿಗಳನ್ನೂ ಬಿಗಿಯುವುದು ಇನ್ನೊಂದು ತಪ್ಪು. ಎಲೆ ಒಣಗುವ ಹಂತದಲ್ಲಿ ತಳದ ಕಿಂಡಿಯಿಂದ ಒಣ ಗಾಳಿ ಬಂದು ಮೇಲಿನ ಕಿಂಡಿಯಿಂದ ತೇವ ಹೋಗದಿದ್ದರೆ, ಹಳದಿ ಬಣ್ಣ ಕಂದಿಗೆ ತಿರುಗಿ ಹರಾಜು ಕಟ್ಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆ; ಉಳಿಸಿದ ಸೌದೆ ಆ ನಷ್ಟವನ್ನು ತುಂಬಿಕೊಡಲಾರದು. ಬೇಕಾದಾಗ ತೆರೆದು ಬೇಡವಾದಾಗ ಬಿಗಿಯಾಗಿ ಮುಚ್ಚಿಕೊಳ್ಳುವ ಬಾಗಿಲು ಆ ಕಿಂಡಿಗಳಿಗೆ ಇರಬೇಕು.

ಛಾವಣಿಯ ಮೇಲಷ್ಟೇ ನೆಟ್ಟ ದೃಷ್ಟಿ ಗೋಡೆಗಳನ್ನು ಮರೆತಿರುವುದು ಈ ಪದ್ಧತಿಯ ದೊಡ್ಡ ಕೊರತೆ. ಅದೇ 16 ಅಡಿಯ ಬ್ಯಾರನ್ನಿಗೆ ಸುಮಾರು ಅಷ್ಟೇ ಎತ್ತರದ ನಾಲ್ಕು ಗೋಡೆಗಳಿದ್ದರೆ ಅವುಗಳ ಒಟ್ಟು ವಿಸ್ತಾರ ಛಾವಣಿಯ ನಾಲ್ಕರಷ್ಟು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ತಗಡಿಗಿಂತ ಎಷ್ಟೋ ಮೇಲಾದರೂ, ಈ ವಿಸ್ತಾರದಿಂದಾಗಿ ಒಟ್ಟು ಸೋರಿಕೆ ಬರಿಯ ತಗಡಿನ ಛಾವಣಿಯಷ್ಟೇ ಆಗಬಲ್ಲದು. ಅದರಲ್ಲಿಯೂ ನೈಋತ್ಯ ಮಾರುತದ ಎರಚಲಿಗೆ ಸಿಕ್ಕ ಪಡುವಣ ಗೋಡೆ ನೀರು ಕುಡಿದು, ಒಳಗಿನ ಬಿಸಿಯಲ್ಲಿ ತನ್ನ ತೇವವನ್ನೇ ಆರಿಸಿಕೊಳ್ಳುತ್ತಿರುತ್ತದೆ. ಸೂರನ್ನು ಎರಡು ಮೂರು ಅಡಿ ಮುಂಚಾಚುವುದು, ಆ ಬದಿಗೆ ಸೌದೆ ಒಟ್ಟುವ ಇಳಿಮಾಡು ಇಳಿಸುವುದು, ಎರಡು ಬ್ಯಾರನ್ ಕಟ್ಟುವವರು ನಡುಗೋಡೆಯೊಂದನ್ನು ಹಂಚಿಕೊಳ್ಳುವುದು ಇವಕ್ಕೆ ವಿಶೇಷ ಸಾಮಗ್ರಿಯೇನೂ ಬೇಕಿಲ್ಲ; ಇಳಿಮಾಡಿನ ಕೆಳಗೆ ಒಣಗಿದ ಸೌದೆ ಹಸಿ ಸೌದೆಗಿಂತ ಹೆಚ್ಚು ಬಿಸಿ ಕೊಡುವ ಲಾಭ ಬೇರೆ.

ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ 2004ರಲ್ಲಿ ಅಂಗೀಕರಿಸಿದ ಮೇಲೆ ಈ ಬೆಳೆಯ ನಾಳೆ ಹೇಗೋ ಎಂಬ ಅಳುಕು ಬೆಳೆಗಾರರಲ್ಲಿ ಇದ್ದೇ ಇದೆ, ಹತ್ತಿಪ್ಪತ್ತು ವರ್ಷ ಬಾಳುವ ದುಬಾರಿ ಹೊದಿಕೆಗೆ ಸಾಲ ಮಾಡೆಂದು ಅವರಿಗೆ ಹೇಳುವುದು ನ್ಯಾಯವಲ್ಲ. ಹುಲ್ಲು, ಮಣ್ಣು, ಮುಂಚಾಚಿದ ಸೂರು ಈ ಅಳುಕಿಗೂ ಹೊಂದುತ್ತವೆ, ಆದರೆ ವರ್ಷವರ್ಷದ ಆರೈಕೆಯನ್ನು ಬೇಡುತ್ತವೆ: ಮೊದಲ ಕಟಾವಿಗೆ ಮುಂಚೆಯೇ ಅಟ್ಟಣೆಯನ್ನು ಬಿಚ್ಚಿ, ಇಲಿ ಗೂಡು ಕಟ್ಟಿದ, ಮುಗ್ಗಲು ಹಿಡಿದ ಹುಲ್ಲನ್ನು ತಿಪ್ಪೆಗೆ ಹಾಕಿ, ಬಿರುಕು ಬಿಟ್ಟ ಮಣ್ಣನ್ನು ಮತ್ತೆ ಮೆತ್ತಿ, ಅದು ಆರಿದ ಮೇಲೆ ಹೊಸ ಹುಲ್ಲನ್ನು ಹಾಸಬೇಕು. ಛಾವಣಿಗೆ ಹೊದಿಕೆ ಹಾಕಿ ಎನ್ನುವ ಸಲಹೆಯೊಂದಿಗೆ ಈ ಆರೈಕೆಯ ವಿವರವನ್ನೂ ಹಳ್ಳಿಗಳಿಗೆ ತಲುಪಿಸಬೇಕು, ಅದೂ ಮಳೆ ಹಿಡಿಯುವ ಮೊದಲು.