'ಟೇಬಲ್' ಶಬ್ದದ ಅರ್ಥವ್ಯಾಪ್ತಿ: ಬಜಪೆಯ ನಿದರ್ಶನ

ಇಂಗ್ಲಿಷಿನ ಒಂದು ಶಬ್ದಕ್ಕೆ ಕನ್ನಡದಲ್ಲಿ ಒಂದೇ ಶಬ್ದವಿರಬೇಕೆಂಬುದು ಪರಿಭಾಷಾರಚನೆಯಲ್ಲಿ ಆಗಾಗ ಕೇಳಿಬರುವ ಸೂತ್ರ. ಒಂದೇ ಶಾಸ್ತ್ರದ ಎಲ್ಲೆಯೊಳಗೆ ಈ ಸೂತ್ರವು ಉಪಯುಕ್ತವೇ ಸರಿ. ಆದರೆ ಹಲವು ಶಾಸ್ತ್ರಗಳಲ್ಲಿ ಸಂಚರಿಸುವ ಸಾಮಾನ್ಯ ಶಬ್ದಗಳ ವಿಷಯದಲ್ಲಿ ಇದು ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ. 'ಟೇಬಲ್' ಶಬ್ದವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಈ ಶಬ್ದದ ಮೂಲ ಲ್ಯಾಟಿನಿನ 'ತಾಬುಲ', ಅರ್ಥ, ಹಲಗೆ. ಹಲಗೆಯ ಮೇಲೆ ವಸ್ತುವನ್ನಿಡಬಹುದು, ಬರೆಯಲೂಬಹುದು. ಈ ಎರಡು ಉಪಯೋಗಗಳಿಂದ ಅರ್ಥದ ಎರಡು ಕವಲುಗಳು ಹೊರಟಿವೆ. ಬರೆವಣಿಗೆಯ ಕವಲಿನಲ್ಲಿ ಕನ್ನಡವು ಸಹಜವಾಗಿಯೇ ಭೇದವನ್ನು ಮಾಡಿದೆ: ಬಾಲಕನು ಒಪ್ಪಿಸುವುದು ಮಗ್ಗಿ, ಶಾಲೆಯ ಗೋಡೆಯ ಮೇಲಿರುವುದು ವೇಳಾಪಟ್ಟಿ, 1869ರಲ್ಲಿ ಮೆಂಡಲೀವನು ರಚಿಸಿದ್ದು ಆವರ್ತ ಕೋಷ್ಟಕ. ಇವುಗಳಲ್ಲಿ ಯಾವುದನ್ನೂ 'ಮೇಜು' ಎನ್ನಲು ಯಾರೂ ಮುಂದಾಗಲಿಲ್ಲ. ಶಾಸನಸಭೆಗಳ ಭಾಷೆಯಲ್ಲಿ ಇಂಗ್ಲಿಷರೊಳಗೇ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡುವುದೆಂದರೆ ಚರ್ಚೆಗೆ ಮುಂದಿಡುವುದು. ಅಮೆರಿಕದಲ್ಲಿ ಚರ್ಚೆಯಿಂದ ಬದಿಗಿಡುವುದು. ನಮ್ಮ 'ಮಂಡಿಸು' ಎಂಬ ಕ್ರಿಯಾಪದಕ್ಕೆ ಈ ಸಂದಿಗ್ಧವಿಲ್ಲ.

ಸಮತಲದ ಕವಲಿನಲ್ಲಿ ತೊಡಕು ಹೆಚ್ಚು. ಭೂಗರ್ಭಶಾಸ್ತ್ರದ 'ವಾಟರ್ ಟೇಬಲ್' ಮೇಜಿನಂತೆ ಸಮತಲವಲ್ಲ. ಅದು ಸಾಮಾನ್ಯವಾಗಿ ನೆಲದ ಏರಿಳಿತವನ್ನು ಅನುಸರಿಸುತ್ತದೆ. 'ಅಂತರ್ಜಲ ಮಟ್ಟ' ಎಂಬ ರೂಢಿಯ ಪದವು ಪೀಠೋಪಕರಣದ ಹೋಲಿಕೆಯನ್ನು ಬಿಟ್ಟುದು ವಿವೇಕ. 'ಟೇಬಲ್‌ಲ್ಯಾಂಡ್' ಎಂಬುದಕ್ಕೆ ಪಾಠಪುಸ್ತಕಗಳು 'ಪ್ರಸ್ಥಭೂಮಿ' ಎನ್ನುತ್ತವೆ. ದಕ್ಷಿಣ ಕನ್ನಡದ ಜನರಿಗಾದರೋ ಮುರಕಲ್ಲಿನ ಎತ್ತರದ ಬಯಲಿಗೆ 'ಪದವು' ಎಂಬ ತಮ್ಮದೇ ಮಾತಿದೆ. ಮಂಗಳೂರಿನ ಪದವಿನಂಗಡಿಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ.

ಇಂಥ ಎತ್ತರದ ನೆಲದ ಮೇಲೆಯೇ 1951ರ ಡಿಸೆಂಬರ್ 25ರಂದು ಬಜಪೆಯ ವಿಮಾನನಿಲ್ದಾಣ ಆರಂಭವಾಯಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಇಲ್ಲಿ ರನ್‌ವೇಯ ಕೊನೆಯನ್ನು ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. 'ಟೇಬಲ್‌ಟಾಪ್ ರನ್‌ವೇ' ಎಂಬ ಮಾತು ಆಗ ಕನ್ನಡ ಓದುಗರಲ್ಲಿ ಮನೆಮಾತಾಯಿತು. ಆ ಮಾತು ಏನನ್ನು ತಿಳಿಸಿತು ಎಂಬುದು ವಿಚಾರಾರ್ಹ. ಮೇಜೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವ ಗುಣ ಸಮತಲ. ಆದರೆ ಸಮತಲವು ಎಲ್ಲ ರನ್‌ವೇಗಳಿಗೂ ಬೇಕಾದ ಗುಣವೇ. ಇಲ್ಲಿ ಮುಖ್ಯವಾದುದು ಮೇಜಿನ ಅಂಚು, ಅದರಾಚೆಯ ಇಳಿಜಾರು. ರನ್‌ವೇಯ ತುದಿಯಾಚೆ ಕನಿಷ್ಠ 90 ಮೀಟರ್, ಸಾಧ್ಯವಾದರೆ 240 ಮೀಟರ್ ಸುರಕ್ಷಾವಲಯವಿರಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುವುದು ಈ ಅಂಚನ್ನು ಕುರಿತೇ.

ಮತ್ತೊಂದು ದೋಷವೂ ಉಂಟು. ಹೋಲಿಕೆಯ ಪದವನ್ನೇ ಓದುಗರು ಕಾರಣವೆಂದು ಭಾವಿಸುವ ಅಪಾಯವದು. ವಿಚಾರಣಾ ನ್ಯಾಯಾಲಯವು ನೇರ ಕಾರಣವನ್ನು ಕಂಡುದು ಬೇರೆಡೆ: ಸ್ಥಿರವಲ್ಲದ ಇಳಿತವನ್ನು ಕೈಬಿಡುವಂತೆ ಸಹಪೈಲಟ್ ಹಾಗೂ ಯಂತ್ರಗಳು ಎಚ್ಚರಿಸಿದರೂ ಕ್ಯಾಪ್ಟನ್ ಅದನ್ನು ಮುಂದುವರಿಸಿದುದರಲ್ಲಿ. ನೆಲದ ರಚನೆಯು ತಪ್ಪಿನ ಪರಿಣಾಮವನ್ನು ಘೋರಗೊಳಿಸಬಹುದು. ಆದರೆ ಅದೇ ತಪ್ಪಲ್ಲ. ಒಂದು ಹೆಸರಿನಿಂದ ವಿವರಣೆ ದೊರೆತಂತಾಯಿತೆಂದು ತೃಪ್ತರಾಗುವುದು ಶಾಸ್ತ್ರಕ್ಕೂ, ಮಡಿದವರಿಗೂ ಸಲ್ಲಿಸುವ ನ್ಯಾಯವಲ್ಲ.

ಆದುದರಿಂದ ಇಲ್ಲಿ 'ಮೇಜು' ಎಂಬ ನೇರ ಅನುವಾದವನ್ನು ನಾವು ಒಪ್ಪಲಾರೆವು. 'ಗುಡ್ಡದ ನೆತ್ತಿಯ ರನ್‌ವೇ' ಎಂದರೆ ಎತ್ತರವೂ ಸುತ್ತಣ ಇಳಿಜಾರೂ ಒಮ್ಮೆಗೇ ಮನಸ್ಸಿಗೆ ಬರುತ್ತವೆ. 1894ರಲ್ಲಿ ಮಂಗಳೂರಿನಿಂದಲೇ ಹೊರಬಂದ ಕಿಟ್ಟೆಲರ ಕೋಶವು ಕನ್ನಡ ಶಬ್ದಗಳ ಅರ್ಥಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿ ಕೊಟ್ಟಿತು. ಇಂಗ್ಲಿಷ್ ಶಬ್ದಗಳನ್ನು ಕನ್ನಡಕ್ಕೆ ತರುವಾಗಲೂ ಅದೇ ತಾಳ್ಮೆ ಬೇಕು. ಈ ಶಾಸ್ತ್ರದಲ್ಲಿ ಈ ಶಬ್ದವು ವಸ್ತುವಿನ ಯಾವ ಗುಣವನ್ನು ಹಿಡಿದಿದೆ ಎಂಬ ಪ್ರಶ್ನೆಯನ್ನು ಅಧ್ಯಾಪಕರು ತರಗತಿಯಲ್ಲಿ ಮೊದಲು ಕೇಳಲಿ. ತಕ್ಕ ಕನ್ನಡ ಪದವನ್ನು ಆಮೇಲೆ ಅರಸಬಹುದು.