ಅಲುಗದ ಚಿತ್ರ, ಆಯ್ದ ಚೌಕಟ್ಟು

ದೂರದ ಹಕ್ಕಿಯನ್ನು ಕಣ್ಣೆದುರಿಗೆ ತಂದು ನಿಲ್ಲಿಸುವ ಶಕ್ತಿ ಒಂದು ಕಾಲಕ್ಕೆ ಭಾರಿ ಮಸೂರಗಳನ್ನು ಕೊಳ್ಳಬಲ್ಲವರ ಸೊತ್ತಾಗಿತ್ತು. ಈಗ ಅದು ಹೆಗಲಚೀಲದಲ್ಲಿ ಹಿಡಿಯುವ ಕ್ಯಾಮರಾಕ್ಕೂ ಬಂದಿದೆ. 2012ರ ಕ್ಯಾನನ್ ಎಸ್‌ಎಕ್ಸ್ 50ರ ಜೂಮ್ 50 ಪಟ್ಟಿನದು. 2015ರ ನಿಕಾನ್ ಪಿ 900ರದು 83 ಪಟ್ಟು. 2018ರ ಪಿ 1000ದ್ದು 125 ಪಟ್ಟು. ಇಂತಹ ಕ್ಯಾಮರಾಗಳಿಂದ ತೆಗೆದ ಚಿತ್ರಗಳನ್ನು ನಾನು ಆಸಕ್ತಿಯಿಂದ ನೋಡುತ್ತ ಬಂದಿದ್ದೇನೆ. ಅವುಗಳ ಸ್ಫುಟತೆ ಮೆಚ್ಚತಕ್ಕದ್ದೇ. ಆದರೆ ಹತ್ತು ಚಿತ್ರಗಳನ್ನು ನೋಡಿದವನು ಹನ್ನೊಂದನೆಯದನ್ನು ನೋಡದೆಯೇ ವರ್ಣಿಸಬಹುದು: ನಟ್ಟನಡುವೆ ಒಂದು ಹಕ್ಕಿ, ಸುತ್ತ ಬಣ್ಣದ ಮಂಜು. ಈ ಏಕರೂಪತೆಯ ಕಾರಣವನ್ನು ಛಾಯಾಗ್ರಾಹಕನ ಅಭಿರುಚಿಯಲ್ಲಿ ಮಾತ್ರ ಹುಡುಕಿದರೆ ಸಾಲದು; ಯಂತ್ರದ ಸ್ವಭಾವದಲ್ಲಿಯೂ ಹುಡುಕಬೇಕು.

ಪಿ 1000 ಕ್ಯಾಮರಾದ ಮಸೂರವನ್ನು ಕೊನೆಯವರೆಗೆ ಚಾಚಿದರೆ ಅದು 3000 ಮಿಲಿಮೀಟರ್ ಮಸೂರಕ್ಕೆ ಸಮ. ಆಗ ಕಾಣುವ ದೃಶ್ಯದ ಅಗಲ ಒಂದು ಡಿಗ್ರಿಗಿಂತಲೂ ಕಡಿಮೆ. ಹುಣ್ಣಿಮೆಯ ಚಂದ್ರನೊಬ್ಬನೇ ಚೌಕಟ್ಟಿನ ಎತ್ತರವನ್ನೆಲ್ಲ ತುಂಬಿಬಿಡುತ್ತಾನೆ. ಇಷ್ಟು ಕಿರಿದಾದ ಕಿಂಡಿಯಲ್ಲಿ ಉಸಿರಾಟವೂ ಭೂಕಂಪದಂತೆ ಕಾಣುವುದು ಸಹಜ. ಹಳೆಯ ಛಾಯಾಗ್ರಾಹಕರ ಲೆಕ್ಕದಂತೆ, 2000 ಮಿಲಿಮೀಟರ್ ಮಸೂರವನ್ನು ಕೈಯಲ್ಲಿ ಹಿಡಿದವನು ಸೆಕೆಂಡಿನ 2000ದ ಒಂದು ಭಾಗದೊಳಗೆ ಚಿತ್ರವನ್ನು ಮುಗಿಸಬೇಕು. ಮುಂಜಾನೆಯ ಮಂದಬೆಳಕಿನಲ್ಲಿ ಅದು ಆಗದ ಮಾತು.

ಇಲ್ಲಿ ನೆರವಿಗೆ ಬರುವುದು ಸ್ಥಿರೀಕರಣ. ಕ್ಯಾಮರಾ ಎತ್ತ ಎಷ್ಟು ಅಲುಗಿತೆಂಬುದನ್ನು ಒಳಗಿನ ಗೈರೋ ಅಳೆಯುತ್ತದೆ. ಅದಕ್ಕೆ ಎದುರಾಗಿ ಮಸೂರದ ಒಂದು ಸಣ್ಣ ಭಾಗ ಸರಿದು, ಬಿಂಬವನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಪಿ 900ರ ತಯಾರಕರು ಹೇಳುವಂತೆ ಇದರಿಂದ ಐದು ಹಂತಗಳ ಅನುಕೂಲವಿದೆ. ಎಂದರೆ 2000ದ ಒಂದು ಭಾಗ ಬೇಕಾದಲ್ಲಿ ಸುಮಾರು 60ರ ಒಂದು ಭಾಗವೂ ಸಾಕಾಗಬಹುದು. ಹಕ್ಕಿಯೇ ಕತ್ತು ಹೊರಳಿಸಿದರೆ ಮಾತ್ರ ಈ ಏರ್ಪಾಡು ಏನೂ ಮಾಡಲಾರದು.

ನಾನು ಹೇಳಬೇಕಾದ ತೊಡಕು ಬೇರೆ. ಕೈಯ ನಡುಕಕ್ಕೂ ಕೈಯ ಇಚ್ಛೆಗೂ ಇರುವ ಭೇದ ಯಂತ್ರಕ್ಕೆ ಪೂರ್ತಿಯಾಗಿ ತಿಳಿಯದು. ಕೊಂಬೆಯ ತುದಿಯೂ ಬರಲೆಂದು ನಾವು ಕ್ಯಾಮರಾವನ್ನು ಕೂದಲೆಳೆಯಷ್ಟು ಸರಿಸಿದರೆ, ಯಂತ್ರ ಅದನ್ನೂ ನಡುಕವೆಂದು ಎಣಿಸಿ ಬಿಂಬವನ್ನು ಹಿಡಿದುಕೊಳ್ಳುತ್ತದೆ. ಇನ್ನಷ್ಟು ಸರಿಸಿದರೆ ಹಿಡಿತ ತಪ್ಪಿ ಬಿಂಬ ಒಮ್ಮೆಗೇ ಜಿಗಿಯುತ್ತದೆ. ಇಂತಹ ಜಗ್ಗಾಟದಲ್ಲಿ ಸೋಲುವುದು ಮನುಷ್ಯನೇ. ಹಕ್ಕಿ ನಡುವೆ ಇದೆಯಲ್ಲ, ಅಷ್ಟೇ ಸಾಕೆಂದು ಗುಂಡಿ ಒತ್ತಿಬಿಡುತ್ತಾನೆ.

ಎಸ್‌ಎಕ್ಸ್ 50ರಲ್ಲಿ ಈ ಕಷ್ಟಕ್ಕಾಗಿಯೇ ಎರಡು ಗುಂಡಿಗಳಿದ್ದವು. ಒಂದನ್ನು ಒತ್ತಿ ಹಿಡಿದರೆ ನೋಟ ಹಿಗ್ಗಿ, ಕಳೆದುಹೋದ ಹಕ್ಕಿ ಎಲ್ಲಿದೆಯೆಂದು ಕಾಣುತ್ತದೆ. ಬಿಟ್ಟರೆ ಮಸೂರ ಮೊದಲಿನ ದೂರಕ್ಕೆ ಮರಳುತ್ತದೆ. ಇನ್ನೊಂದು, ಸ್ಥಿರೀಕರಣವನ್ನು ಬಿಗಿಗೊಳಿಸಿ ಬಿಂಬವನ್ನು ಹಿಡಿದಿಡುತ್ತದೆ. ಹುಡುಕಲು ಒಂದು, ಹಿಡಿಯಲು ಒಂದು: ಇದು ಜಾಣತನದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹುಡುಕುವುದಕ್ಕೂ ಹಿಡಿಯುವುದಕ್ಕೂ ನಡುವೆ ಆಯುವುದೆಂಬ ಮೂರನೆಯ ಕೆಲಸವೊಂದಿದೆ. ಅದಕ್ಕೆ ಗುಂಡಿಯಿಲ್ಲ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಕ್ಷೇಮೇಂದ್ರ ಔಚಿತ್ಯಕ್ಕೆ ಕೊಟ್ಟ ಸ್ಥಾನವನ್ನು ಇಲ್ಲಿ ನೆನೆಯಬಹುದು. ಎಷ್ಟು ಹತ್ತಿರ ಹೋಗಬಹುದೆಂಬುದು ಶಕ್ತಿಯ ಪ್ರಶ್ನೆ. ಎಷ್ಟು ಹತ್ತಿರ ಹೋಗಬೇಕೆಂಬುದು ಔಚಿತ್ಯದ ಪ್ರಶ್ನೆ. ರಂಗನತಿಟ್ಟಿನ ಬಣ್ಣದ ಕೊಕ್ಕರೆಯನ್ನು ಕೊಕ್ಕು ಕಣ್ಣುಗಳಷ್ಟೇ ತುಂಬುವಂತೆ ತೆಗೆದರೆ ಅದು ಯಾವ ಮೃಗಾಲಯದ ಕೊಕ್ಕರೆಯೂ ಆಗಬಹುದು. ತುಸು ಹಿಂದೆ ಸರಿದರೆ ಗೂಡಿನ ಕಡ್ಡಿ, ನೆರೆಯ ಗೂಡಿನವರ ಜಗಳ, ಕೆಳಗಿನ ಕಾವೇರಿಯ ಹೊಳಪು ಇವೆಲ್ಲ ಬಂದು, ಹಕ್ಕಿಗೆ ಒಂದು ಊರು ದೊರೆಯುತ್ತದೆ. ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಕಪ್ಪುಬಿಳುಪಿನ ಚಿತ್ರಗಳಿಗೆ ಹೆಸರಾದವರು. 1983ರಲ್ಲಿ ಪ್ರಕಟವಾದ ತಮ್ಮ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ಸನ್‌ಲೈಟ್ ಅಂಡ್ ಷ್ಯಾಡೋಸ್'. ಆ ಹೆಸರು ಪ್ರಾಣಿಯದಲ್ಲ, ಬಿಸಿಲು ನೆರಳುಗಳದು ಎಂಬುದನ್ನು ಗಮನಿಸಬೇಕು.

ಪಕ್ಷಿವೀಕ್ಷಕರು ಇದಕ್ಕೆ ಆಕ್ಷೇಪಿಸಬಹುದು. ಜಾತಿಯನ್ನು ಗುರುತಿಸಲು ಕೊಕ್ಕಿನ ಬಾಗು, ಕಾಲಿನ ಬಣ್ಣ ಬೇಕೇ ಬೇಕು. ಅಂತಹ ಚಿತ್ರ ದಾಖಲೆ, ಅದರ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಸಡಿಲವಾಗಿ ತೆಗೆದು ಆಮೇಲೆ ಬೇಕಾದಷ್ಟನ್ನು ಕತ್ತರಿಸಿಕೊಳ್ಳಬಹುದಲ್ಲವೆ ಎಂದೂ ಕೇಳುವವರಿದ್ದಾರೆ. ಈ ಕ್ಯಾಮರಾಗಳಲ್ಲಿ ಬೆಳಕನ್ನು ಗ್ರಹಿಸುವ ಫಲಕ ಬಲು ಚಿಕ್ಕದು. ಹೆಚ್ಚು ಕತ್ತರಿಸಿದರೆ ಚಿತ್ರ ಪುಡಿಪುಡಿಯಾಗುತ್ತದೆ. ಆದುದರಿಂದ ಚೌಕಟ್ಟಿನ ತೀರ್ಮಾನವನ್ನು ಮನೆಗೆ ಬಂದು ಮಾಡುತ್ತೇನೆಂದರೆ ನಡೆಯದು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮುಖ್ಯವಾದುದು ಕ್ರಮ. ಮೊದಲು ಅಗಲ ನೋಟದಲ್ಲಿಯೇ ಚಿತ್ರದೊಳಗೆ ಏನಿರಬೇಕು, ಏನಿರಬಾರದು ಎಂದು ನಿಶ್ಚಯಿಸಬೇಕು. ಅಲ್ಲಿಯವರೆಗೆ ಮಾತ್ರ ಮಸೂರವನ್ನು ಚಾಚಬೇಕು. ಮೊಳಕೈಯನ್ನು ಪಕ್ಕೆಗೆ ಆನಿಸಿ, ಗುಂಡಿಯನ್ನು ಅರ್ಧ ಒತ್ತಿ, ಬಿಂಬ ನೆಲೆಗೊಳ್ಳುವವರೆಗೆ ಕಾಯಬೇಕು. ಟ್ರೈಪಾಡ್ ಮೇಲೆ ಗಟ್ಟಿಯಾಗಿ ನಿಲ್ಲಿಸಿದಾಗ ಸ್ಥಿರೀಕರಣವನ್ನು ಆರಿಸುವುದೇ ಲೇಸು. ಹೀಗೆ ಮಾಡುವವನಿಗೆ ಯಂತ್ರ ಒಳ್ಳೆಯ ಸೇವಕ. ಆಯ್ಕೆಗೆ ಮೊದಲೇ ಬಿಂಬವನ್ನು ಅದರ ಹಿಡಿತಕ್ಕೆ ಒಪ್ಪಿಸಿದವನ ಚಿತ್ರ ಎಷ್ಟೇ ಸ್ಫುಟವಾಗಿರಲಿ, ಅದರಲ್ಲಿ ಅವನು ಕಂಡುದು ಏನೆಂಬುದು ನಮಗೆ ತಿಳಿಯದೆ ಹೋಗುತ್ತದೆ.