ಮನುಷ್ಯರಿಲ್ಲದ ಸ್ವರ್ಗ

ಭಾನುವಾರದ ಪುರವಣಿಗಳಲ್ಲಿ ಮಾಲ್ಡೀವ್ಸಿನ ಚಿತ್ರ ಬಂದಾಗಲೆಲ್ಲ ಅದರಲ್ಲಿ ಆ ದೇಶದ ಮನುಷ್ಯನೊಬ್ಬನನ್ನು ಹುಡುಕುವುದು ನನಗೆ ರೂಢಿಯಾಗಿಬಿಟ್ಟಿದೆ. ಸಿಗುವುದು ಅಪರೂಪ. ನೀಲಿ ನೀರಿರುತ್ತದೆ, ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಮರದ ಕುಟೀರಗಳಿರುತ್ತವೆ, ಬಾಗಿದ ತೆಂಗಿನ ಮರವಿರುತ್ತದೆ, ನಮಗೆ ಬೆನ್ನು ತಿರುಗಿಸಿ ನಿಂತ ನವದಂಪತಿ ಇರುತ್ತಾರೆ. ಅಲ್ಲಿಯ ಮನುಷ್ಯ ಇದ್ದರೂ ತಟ್ಟೆ ಹಿಡಿದ ಒಂದು ಕೈಯಾಗಿ ಮಾತ್ರ ಇರುತ್ತಾನೆ. ನಮ್ಮ ಪ್ರವಾಸ ಲೇಖನಗಳದ್ದೂ ಇದೇ ಕತೆ. ವಿಮಾನ ಇಳಿದದ್ದು, ಸ್ಪೀಡ್ ಬೋಟ್ ಹತ್ತಿದ್ದು, ಕೋಣೆಯ ಗಾಜಿನ ನೆಲದಡಿ ಬಣ್ಣದ ಮೀನು ಕಂಡದ್ದು, ದುಬಾರಿಯಾದರೂ ಜೀವನದಲ್ಲಿ ಒಮ್ಮೆ ಹೋಗಲೇಬೇಕು ಎಂಬ ಶಿಫಾರಸು. ಲೇಖನ ಮುಗಿದರೂ ಅಲ್ಲಿಯವರು ಯಾವ ಭಾಷೆ ಮಾತನಾಡುತ್ತಾರೆ, ಮಧ್ಯಾಹ್ನ ಏನು ಉಣ್ಣುತ್ತಾರೆ ಎಂಬುದು ಗೊತ್ತಾಗುವುದಿಲ್ಲ.

ಬರೆದವರನ್ನು ದೂರಿ ಪ್ರಯೋಜನವಿಲ್ಲ. ಅವರು ಕಂಡದ್ದನ್ನೇ ಬರೆದಿದ್ದಾರೆ. ಅವರಿಗೆ ಮನುಷ್ಯರು ಕಾಣದಂತೆ ನೋಡಿಕೊಂಡದ್ದು ಅಲ್ಲಿಯ ಪ್ರವಾಸೋದ್ಯಮದ ನೀತಿ.

ಹಳೆಯ ಪ್ರವಾಸಿಗಳಿಗೆ ಈ ಸೌಕರ್ಯ ಇರಲಿಲ್ಲ. 1343ರಲ್ಲಿ ಈ ದ್ವೀಪಗಳಿಗೆ ಬಂದ ಇಬ್ನ್ ಬತೂತ ಸುಮಾರು ಒಂದೂವರೆ ವರ್ಷ ಇದ್ದು ಖಾಝಿಯಾದ, ಅಲ್ಲಿಯೇ ಮದುವೆಗಳನ್ನೂ ಮಾಡಿಕೊಂಡ. ಆಗ ಆಳುತ್ತಿದ್ದವಳು ಒಬ್ಬ ಹೆಂಗಸು, ಸುಲ್ತಾನಾ ಖದೀಜಾ. ಮೊರಾಕ್ಕೋದ ಈ ವಿದ್ವಾಂಸನಿಗೆ ದ್ವೀಪದ ಹೆಂಗಸರ ಉಡುಪು ಹಿಡಿಸಲಿಲ್ಲ. ಸೊಂಟದ ಮೇಲೆ ಬಟ್ಟೆ ಹಾಕಿಸಲು ಆಜ್ಞೆ ಮಾಡಿ ನೋಡಿದ, ಆಗಲಿಲ್ಲ. ತನ್ನ ನ್ಯಾಯಾಲಯದೊಳಗೆ ಬರುವಾಗ ಮಾತ್ರ ಮೈ ಮುಚ್ಚಿಸಲು ಸಾಧ್ಯವಾಯಿತು. ಕಳ್ಳನೊಬ್ಬನ ಕೈ ಕಡಿಯಲು ತೀರ್ಪು ಕೊಟ್ಟಾಗ ಕೋಣೆಯಲ್ಲಿದ್ದ ಕೆಲವರು ಮೂರ್ಛೆ ಹೋದರಂತೆ. ಇದನ್ನೆಲ್ಲ ಅವನೇ ಹೇಳಿಕೊಂಡಿದ್ದಾನೆ. ಅವನ ಗರ್ವ, ಸಿಡುಕು, ಕಠೋರತೆ ಏನೇ ಇರಲಿ, ಓದುವವನಿಗೆ ಒಂದು ಸಮಾಜ ಕಾಣುತ್ತದೆ: ತೆಂಗಿನ ನಾರಿನ ಹಗ್ಗ ಹೊಸೆಯುವವರು, ಕವಡೆ ಆಯುವವರು, ಒಣಮೀನು ಮಾರುವವರು, ಹಿಂಸೆಯನ್ನು ಕಂಡರೆ ತಲೆ ಸುತ್ತುವ ಮೃದು ಜನ.

1602ರಲ್ಲಿ ಫ್ರೆಂಚ್ ನಾವಿಕ ಪಿರಾರ್ ದ ಲವಾಲನ ಹಡಗು ಅಲ್ಲಿಯ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಐದು ವರ್ಷ ಬಂಧಿಯಂತೆ ಉಳಿದ ಆತ ದಿವೇಹಿ ಭಾಷೆ ಕಲಿತು, ನಂತರ ಊರಿಗೆ ಹೋಗಿ ದೊಡ್ಡ ಗ್ರಂಥ ಬರೆದ. ಇಂದು ಭೂಗೋಳದ ಪಠ್ಯದಲ್ಲಿ ನಮ್ಮ ಮಕ್ಕಳು ಓದುವ ‘ಅಟಾಲ್’ ಎಂಬ ಪದ ದಿವೇಹಿಯದ್ದು. ಒಡೆದ ಆ ಹಡಗಿನ ಹೆಸರು ಕಾರ್ಬಿನ್. 370 ವರ್ಷಗಳ ಬಳಿಕ, 1972ರ ಫೆಬ್ರವರಿಯಲ್ಲಿ, ಇಟಲಿಯ ಮೊದಲ ಪ್ರವಾಸಿ ತಂಡವನ್ನು ಅಲ್ಲಿಗೆ ಕರೆತಂದ ಟ್ರಾವೆಲ್ ಏಜೆಂಟನ ಹೆಸರೂ ಜಾರ್ಜ್ ಕಾರ್ಬಿನ್. ಕಾಕತಾಳೀಯ, ಅಷ್ಟೇ. ಆದರೆ ಎರಡು ಕಾರ್ಬಿನ್‌ಗಳ ನಡುವೆ ಬಹಳಷ್ಟು ಬದಲಾಯಿತು.

ಆ ಮೊದಲ ಇಟಾಲಿಯನ್ನರು ಮಾಲೆಯಲ್ಲಿ ಜನರ ಮನೆಗಳಲ್ಲೇ ಉಳಿದಿದ್ದರು. ಬೇರೆ ಏರ್ಪಾಡೇ ಇರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ, ಮಾಲೆಯ ಹತ್ತಿರದ ಜನವಸತಿಯಿಲ್ಲದ ಒಂದು ತೆಂಗಿನ ತೋಟದ ದ್ವೀಪದಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. ಮೂವತ್ತು ಕೋಣೆಗಳು, ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು. ಅಲ್ಲಿಂದ ಶುರುವಾದದ್ದು ‘ಒಂದು ದ್ವೀಪ, ಒಂದು ರೆಸಾರ್ಟ್’ ಎಂಬ ಪದ್ಧತಿ. 1,192 ದ್ವೀಪಗಳಲ್ಲಿ ಜನ ವಾಸಿಸುವವು ಇನ್ನೂರಕ್ಕೂ ಕಡಿಮೆ. ಖಾಲಿ ದ್ವೀಪಗಳಲ್ಲಿ ಕೆಲವನ್ನು ಒಂದೊಂದಾಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಊರಿನ ದ್ವೀಪಗಳಲ್ಲಿ ವಿದೇಶಿಯರು ತಂಗುವುದನ್ನು 1980ರ ದಶಕದಲ್ಲಿ ಸರಕಾರವೇ ತಡೆಯಿತು. 1972ರಲ್ಲಿ ಸುಮಾರು ಸಾವಿರ ಪ್ರವಾಸಿಗಳು ಬಂದಿದ್ದರೆ 2024ರಲ್ಲಿ ಬಂದವರು 20 ಲಕ್ಷ ದಾಟಿದರು. 2022ರ ಜನಗಣತಿಯಲ್ಲಿ ದೇಶದ ಸ್ವಂತ ಪ್ರಜೆಗಳು ನಾಲ್ಕು ಲಕ್ಷವೂ ಇರಲಿಲ್ಲ ಎಂಬುದನ್ನು ಪಕ್ಕದಲ್ಲಿಟ್ಟು ಈ ಸಂಖ್ಯೆಯನ್ನು ಓದಬೇಕು.

ಈ ಪ್ರತ್ಯೇಕತೆಗೆ ಕೊಟ್ಟ ಸಮರ್ಥನೆ ಧರ್ಮ ಮತ್ತು ಸಂಸ್ಕೃತಿಯ ರಕ್ಷಣೆ. ಮಾಲ್ಡೀವ್ಸಿನ ಪೌರರೆಲ್ಲರೂ ಮುಸ್ಲಿಮರು. 2008ರ ಸಂವಿಧಾನದ ಪ್ರಕಾರ ಮುಸ್ಲಿಮನಲ್ಲದವನು ಅಲ್ಲಿಯ ಪ್ರಜೆಯಾಗುವಂತಿಲ್ಲ. ಪ್ರವಾಸಿ ತನ್ನ ಚೀಲದಲ್ಲಿ ಒಂದು ಬಾಟಲಿ ತಂದರೆ ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಂಡು, ಮರಳುವಾಗ ಹಿಂದಿರುಗಿಸುತ್ತಾರೆ. ಆದರೆ ಅದೇ ಪ್ರವಾಸಿ ರೆಸಾರ್ಟ್ ದ್ವೀಪ ತಲುಪಿದ ಕೂಡಲೇ ಮದ್ಯ, ಹಂದಿಮಾಂಸ ಎಲ್ಲವೂ ಲಭ್ಯ, ಎಲ್ಲವೂ ಕಾನೂನುಬದ್ಧ. ಹರಾಮ್ ಮತ್ತು ಹಲಾಲ್‌ಗಳ ಗಡಿಯನ್ನು ಮನುಷ್ಯನ ಮನಸ್ಸಿನಲ್ಲಿ ಎಳೆಯುವ ಬದಲು ಸಮುದ್ರದ ನೀರಿನಲ್ಲಿ ಎಳೆದ ದೇಶ ಇದು.

ನಮ್ಮವರಲ್ಲಿ ಕೆಲವರಿಗೆ ಈ ವ್ಯವಸ್ಥೆ ಮೆಚ್ಚುಗೆಯಾಗುತ್ತದೆ. ಹಣವೂ ಬಂತು, ದೀನ್ ಕೂಡ ಉಳಿಯಿತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರೆಸಾರ್ಟಿನಲ್ಲಿ ಗಾಜು ತುಂಬಿಸುವವರಲ್ಲಿ, ಹಾಸಿಗೆ ಮಡಚುವವರಲ್ಲಿ, ದೋಣಿ ನಡೆಸುವವರಲ್ಲಿ ಆ ದೇಶದ ಹುಡುಗರೂ ಇದ್ದಾರಲ್ಲ? ಅತಿಥಿಗಳ ಕಣ್ಣಿಗೆ ಬೀಳದಂತೆ ಗಿಡಗಳ ಮರೆಯಲ್ಲಿ ಸಿಬ್ಬಂದಿಯ ವಸತಿ, ಅನೇಕ ಕಡೆ ಅದರ ಪಕ್ಕದಲ್ಲೊಂದು ಪುಟ್ಟ ಮಸೀದಿ. ತಿಂಗಳುಗಟ್ಟಲೆ ಅವರು ಮನೆ ಬಿಟ್ಟು ಅಲ್ಲಿರುತ್ತಾರೆ. ಹೆಣ್ಣುಮಕ್ಕಳನ್ನು ಬೇರೆ ದ್ವೀಪದಲ್ಲಿ ರಾತ್ರಿ ಉಳಿಯಲು ಕುಟುಂಬಗಳು ಕಳಿಸುವುದಿಲ್ಲವಾದ್ದರಿಂದ ದೇಶದ ಅತಿ ದೊಡ್ಡ ಉದ್ಯಮದಲ್ಲಿ ಮಾಲ್ಡೀವ್ಸಿನ ಹೆಂಗಸರು ಬೆರಳೆಣಿಕೆಯಷ್ಟು. ಸುಲ್ತಾನಾ ಖದೀಜಾ ಆಳಿದ ನಾಡು! ಪ್ರತ್ಯೇಕತೆ ಕಾಪಾಡಿದ್ದು ಸಂಸ್ಕೃತಿಯನ್ನಲ್ಲ, ಪ್ರವಾಸಿಯ ಏಕಾಂತವನ್ನು. ಅದಕ್ಕೇ ಅವನು ಹೆಚ್ಚಿನ ಬೆಲೆ ತೆರುತ್ತಾನೆ.

2009ರ ಹೊತ್ತಿಗೆ ಸರಕಾರ ಬದಲಾಗಿ ಊರಿನ ದ್ವೀಪಗಳಲ್ಲೂ ಅತಿಥಿಗೃಹ ನಡೆಸಲು ಅವಕಾಶ ಸಿಕ್ಕಿತು. ಸಣ್ಣ ಬಂಡವಾಳದವನಿಗೆ ಇದು ನಿಜವಾದ ಬಿಡುಗಡೆ. ಮೊದಲು ಬೆಳೆದದ್ದು ಮಾಫುಶಿ. ದೇಶದ ಮುಖ್ಯ ಜೈಲು ಇರುವುದೂ ಇದೇ ದ್ವೀಪದಲ್ಲಿ. 2003ರ ಸೆಪ್ಟೆಂಬರಿನಲ್ಲಿ ಆ ಜೈಲಿನೊಳಗೆ ಒಬ್ಬ ಕೈದಿ ಸತ್ತದ್ದೇ ಮಾಲೆಯ ಬೀದಿಗಳಲ್ಲಿ ದಂಗೆ ಎಬ್ಬಿಸಿ, ಗಯೂಮರ ದೀರ್ಘ ಆಡಳಿತದ ಬುಡ ಅಲ್ಲಾಡಿಸಿತು. ಈಗ ಅಲ್ಲಿ ಗೆಸ್ಟ್ ಹೌಸುಗಳ ಸಾಲು. ಕಡಲತೀರದ ಒಂದು ತುಂಡಿಗೆ ಬೇಲಿ ಕಟ್ಟಿ ‘ಬಿಕಿನಿ ಬೀಚ್’ ಎಂದು ಫಲಕ ಹಾಕಿದ್ದಾರೆ. ದ್ವೀಪದಲ್ಲಿ ಮದ್ಯ ನಿಷಿದ್ಧವಾದ್ದರಿಂದ ತುಸು ದೂರದಲ್ಲಿ ಲಂಗರು ಹಾಕಿದ ಹಡಗಿನಲ್ಲಿ ಬಾರ್. ಸಂಜೆ ಸಣ್ಣ ದೋಣಿಗಳು ಪ್ರವಾಸಿಗಳನ್ನು ಅಲ್ಲಿಗೆ ಒಯ್ದು ತರುತ್ತವೆ. ಗಡಿ ಈಗ ಊರ ಬಾಗಿಲಿಗೇ ಬಂದಿದೆ, ಅಷ್ಟೇ ವ್ಯತ್ಯಾಸ. ಆದರೂ ನಾನು ರೆಸಾರ್ಟಿಗಿಂತ ಮಾಫುಶಿಯ ಪರ. ಅಲ್ಲಿ ಪ್ರವಾಸಿಗೆ ಬಾಂಗ್ ಕೇಳಿಸುತ್ತದೆ, ಶಾಲೆಯಿಂದ ಬರುವ ಮಕ್ಕಳು ಕಾಣಿಸುತ್ತಾರೆ, ಮನೆ ಮುಂದೆ ಹಗ್ಗದ ಕುರ್ಚಿಯಲ್ಲಿ ಕೂತ ಮುದುಕನ ಜೊತೆ ಕೈಸನ್ನೆಯಲ್ಲಾದರೂ ಮಾತಾಡಬಹುದು.

ಎರಡು ಲೋಕಗಳನ್ನು ಹೀಗೆ ಬೇರೆ ಇಟ್ಟುಕೊಂಡರೆ ಒಳಗೆ ಏನು ಹುದುಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2007ರ ಸೆಪ್ಟೆಂಬರಿನಲ್ಲಿ ಮಾಲೆಯ ಸುಲ್ತಾನ್ ಪಾರ್ಕಿನಲ್ಲಿ ಬಾಂಬ್ ಸ್ಫೋಟಿಸಿ ಹನ್ನೆರಡು ಪ್ರವಾಸಿಗಳು ಗಾಯಗೊಂಡರು. 2011ರ ಡಿಸೆಂಬರಿನಲ್ಲಿ ಧರ್ಮರಕ್ಷಣೆಯ ಹೆಸರಿನಲ್ಲಿ ದೊಡ್ಡ ಪ್ರದರ್ಶನ ನಡೆದು, ಸರಕಾರ ರೆಸಾರ್ಟುಗಳ ಮಸಾಜ್ ಕೇಂದ್ರಗಳನ್ನು ಮುಚ್ಚಲು ಹೇಳಿತು. ಕೆಲವೇ ದಿನಗಳಲ್ಲಿ ಆಜ್ಞೆ ಹಿಂದಕ್ಕೆ ಹೋಯಿತು. ಡಾಲರು ನಿಂತರೆ ಅಕ್ಕಿ ಬರುವುದಿಲ್ಲ. ಮೀನು, ತೆಂಗು ಬಿಟ್ಟರೆ ಆ ದೇಶ ಉಣ್ಣುವುದೆಲ್ಲ ಹಡಗಿನಲ್ಲಿ ಬರಬೇಕು. ಅಂದು ಬೀದಿಗಿಳಿದವರು ಸ್ಪಾಗಳ ಬಗ್ಗೆ ಕೂಗಿದರು. ರೆಸಾರ್ಟ್ ಕಟ್ಟುವ ಕೂಲಿಯ ಬಗ್ಗೆ ಇಂಥ ಪ್ರದರ್ಶನ ಮಾಡಬೇಕೆಂದು ಅವರಿಗೆ ಅನ್ನಿಸಿದ್ದರೆ ಇಸ್ಲಾಮಿಗೆ ಹೆಚ್ಚು ಗೌರವ ಬರುತ್ತಿತ್ತು.

ಆ ಕೂಲಿಯ ಲೋಕ ಯಾವ ಚಿತ್ರದಲ್ಲೂ ಇಲ್ಲ. 2022ರ ಗಣತಿಯಂತೆ ದೇಶದಲ್ಲಿದ್ದ ಐದು ಲಕ್ಷ ಚಿಲ್ಲರೆ ಜನರಲ್ಲಿ ಸುಮಾರು 1.3 ಲಕ್ಷ ಮಂದಿ ವಿದೇಶಿಯರು. ಬಾಂಗ್ಲಾದೇಶದವರೇ ಹೆಚ್ಚು, ನಂತರ ಭಾರತ, ಶ್ರೀಲಂಕಾ, ನೇಪಾಳ. ಅದೇ ವರ್ಷ ನವೆಂಬರಿನಲ್ಲಿ ಮಾಲೆಯಲ್ಲಿ ಒಂದು ಗ್ಯಾರೇಜಿನ ಮೇಲಿನ ಇಕ್ಕಟ್ಟಾದ ಬಿಡಾರಕ್ಕೆ ಬೆಂಕಿ ಬಿದ್ದು ಹತ್ತು ಮಂದಿ ವಲಸೆ ಕಾರ್ಮಿಕರು ಸತ್ತರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಒಂದು ದಿನ. ಪುರವಣಿಯ ನವದಂಪತಿಯ ಚಿತ್ರ ಮತ್ತೆ ಮತ್ತೆ ಬರುತ್ತಲೇ ಇದೆ. ಪ್ರವಾಸಿಗಳು ಬಿಟ್ಟು ಹೋಗುವ ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮಾಲೆಯ ಪಶ್ಚಿಮಕ್ಕಿರುವ ತಿಲಫುಶಿಗೆ ಹೋಗಬೇಕು. 1990ರ ದಶಕದ ಆರಂಭದಿಂದ ಕಸ ಸುರಿದು ಸುರಿದೇ ಬೆಳೆಸಿದ ದ್ವೀಪ ಅದು. ಅತ್ತ ಹವಳವೂ ಸುರಕ್ಷಿತವಲ್ಲ; ಸಮುದ್ರ ಬಿಸಿಯಾಗಿ 1998ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ಬೆಳ್ಳಗಾಯಿತು. ಅಲ್ಲಿಗೆ ಜನ ಹಾರಿ ಬರುವ ವಿಮಾನದ ಹೊಗೆಗೂ ಈ ಬಿಸಿಯಲ್ಲಿ ಪಾಲಿದೆ.

ಇಷ್ಟೆಲ್ಲ ಬರೆಯಲು ಕಾರಣ 2024ರ ಜನವರಿ. ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದರು, ಮಾಲ್ಡೀವ್ಸಿನ ಮೂವರು ಉಪಸಚಿವರು ಕೀಳು ಮಾತಾಡಿ ಅಮಾನತಾದರು, ನಮ್ಮಲ್ಲಿ ಬಹಿಷ್ಕಾರದ ಕೂಗೆದ್ದಿತು. 2023ರಲ್ಲಿ ಅಲ್ಲಿಗೆ ಹೋದ ಭಾರತೀಯರು ಎರಡು ಲಕ್ಷ ಮೀರಿದ್ದರು, ಮರುವರ್ಷ ಅದು ಸುಮಾರು 1.3 ಲಕ್ಷಕ್ಕೆ ಇಳಿಯಿತು. ಮಾಲ್ಡೀವ್ಸ್ ಬೇಡ, ಲಕ್ಷದ್ವೀಪಕ್ಕೆ ಹೋಗೋಣ ಎಂಬುದು ದೇಶಭಕ್ತಿಯ ಘೋಷಣೆಯಾಯಿತು. ಆದರೆ ಅಲ್ಲೂ ಬೇಕಾದದ್ದು ಅದೇ ಚಿತ್ರ, ಧ್ವಜ ಮಾತ್ರ ಬೇರೆ.

ಲಕ್ಷದ್ವೀಪದಲ್ಲಿ ಗುತ್ತಿಗೆಗೆ ಕೊಡಲು ಸಾವಿರ ಖಾಲಿ ದ್ವೀಪಗಳಿಲ್ಲ. ಒಟ್ಟು ನೆಲವೇ 32 ಚದರ ಕಿಲೋಮೀಟರು, ಜನ ವಾಸಿಸುವ ದ್ವೀಪಗಳು ಹತ್ತು, 2011ರ ಗಣತಿಯಲ್ಲಿ 64 ಸಾವಿರ ಜನ, ಬಹುತೇಕ ಎಲ್ಲರೂ ಮುಸ್ಲಿಮರು. ಮಿನಿಕಾಯಿಯವರು ಆಡುವ ಮಹಲ್ ಮಾಲ್ಡೀವ್ಸಿನ ದಿವೇಹಿಯದ್ದೇ ಇನ್ನೊಂದು ರೂಪ. 2021ರಲ್ಲಿ ಅಲ್ಲಿಯ ಆಡಳಿತ ಯಾವುದೇ ಭೂಮಿಯನ್ನು ಅಭಿವೃದ್ಧಿಗೆಂದು ಪಡೆಯುವ ಅಧಿಕಾರದ ಕರಡು ನಿಯಮ ತಂದಾಗ, ದಡದ ಮೀನುಗಾರರ ಶೆಡ್ಡುಗಳನ್ನು ಕೆಡವಿದಾಗ, ಶಾಲೆಯ ಊಟದಿಂದ ಮಾಂಸ ತೆಗೆದಾಗ, ಸಮರ್ಥಿಸಿದವರ ಬಾಯಲ್ಲಿ ಇದ್ದ ಹೆಸರು ಮಾಲ್ಡೀವ್ಸ್. ಅದೇ ವರ್ಷ ಮಿನಿಕಾಯ್, ಕಡಮತ್, ಸುಹೇಲಿಗಳಲ್ಲಿ ನೀರ ಮೇಲಿನ ವಿಲ್ಲಾಗಳಿಗೆ ಟೆಂಡರು ಕರೆದರು. ಮಾಲ್ಡೀವ್ಸಿನಲ್ಲಿ ಖಾಲಿ ದ್ವೀಪ ಹುಡುಕಿ ರೆಸಾರ್ಟ್ ಕಟ್ಟಿದರು. ಇಲ್ಲಿ ಜನ ಇರುವ ದ್ವೀಪವನ್ನೇ ಖಾಲಿ ಎಂದು ನೋಡಲು ಕಣ್ಣನ್ನು ಪಳಗಿಸಬೇಕು. ಪುರವಣಿಗಳ ಚಿತ್ರಗಳು ಆ ಕೆಲಸವನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿವೆ.

ಈ ಮೂರರಲ್ಲಿ ಕಡಮತ್ ನಮಗೆ ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಸೇರಿದ ಅಮಿನ್‌ದೀವಿ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರ ನಂತರ ಬ್ರಿಟಿಷರ ಕೆನರಾ ಜಿಲ್ಲೆಗೆ ಸೇರಿದವು. 1956ರವರೆಗೂ ಅವು ದಕ್ಷಿಣ ಕನ್ನಡದ ಭಾಗ. ಅವುಗಳ ಕಚೇರಿ ವ್ಯವಹಾರ ನಡೆಯುತ್ತಿದ್ದುದು ಮಂಗಳೂರಿನಿಂದ. ದ್ವೀಪದ ಹೆಂಗಸರು ಹೊಸೆದ ನಾರು ಹಾಯಿಹಡಗುಗಳಲ್ಲಿ ನಮ್ಮ ಬಂದರಿಗೆ ಬಂದು, ಬದಲಿಗೆ ಅಕ್ಕಿ ಹೋಗುತ್ತಿತ್ತು. ಮೊನ್ನೆ ಒಂದು ಪುರವಣಿಯಲ್ಲಿ ಕಡಮತ್ತಿನ ಕಡಲತೀರ ಅರ್ಧ ಪುಟ ತುಂಬ ಬಂದಿತ್ತು. ಬಿಳಿ ಮರಳು, ಪಚ್ಚೆ ನೀರು, ಎರಡು ಖಾಲಿ ಕುರ್ಚಿಗಳು. 2011ರ ಗಣತಿಯಂತೆ ಆ ದ್ವೀಪದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿದ್ದರು.